ಹ್ಯಾಸ್ಕೆಲ್ ಕಲಿಯುವವರಿಗೆ ಎರಡನೆಯ ಪುಸ್ತಕ

ಹ್ಯಾಸ್ಕೆಲ್ ಫಂಕ್ಷನಲ್ ಬಗೆಯ ಪ್ರೋಗ್ರಾಮಿಂಗ್ ಭಾಷೆ. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರಿನ ಈ ಭಾಷೆಯ ಮೊದಲ ಆವೃತ್ತಿ ಬಂದದ್ದು 1990ರಲ್ಲಿ. ಜಾವಾ, ಪೈಥಾನ್‌ಗಳಿಗೆ ಹೋಲಿಸಿದರೆ ಬಳಸುವವರು ತೀರಾ ಕಡಿಮೆ. ಹಾಗೆಂದು ಕರ್ನಾಟಕಕ್ಕೆ ಪರಕೀಯವೇನಲ್ಲ. ಬೆಂಗಳೂರಿನಲ್ಲಿ 2022ರಲ್ಲಿ ಶುರುವಾದ ನಮ್ಮ ಯಾತ್ರಿ ಆಟೋ ಆ್ಯಪ್‌ನ ಸರ್ವರ್ ಭಾಗ ಹ್ಯಾಸ್ಕೆಲ್‌ನಲ್ಲೇ ಇದೆ. ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೀಮೆಯಲ್ಲಿ ಕಂಪ್ಯೂಟರ್ ಸೈನ್ಸ್ ಓದಲು ಈಗ ದೂರ ಹೋಗಬೇಕಿಲ್ಲ. ಬೆಳವಾಡಿಯಲ್ಲಿ ಮಹಾರಾಜ ತಾಂತ್ರಿಕ ಸಂಸ್ಥೆ, ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯ ಇವೆ. ಆದರೆ ಯಾವುದೇ ಕಾಲೇಜು ಗ್ರಂಥಾಲಯ ಪುಸ್ತಕ ಕೊಳ್ಳುವುದು ಸಿಲಬಸ್ ನೋಡಿ. ಸಿಲಬಸ್ಸಿನಲ್ಲಿಲ್ಲದ ಭಾಷೆಗೆ ಕಪಾಟಿನಲ್ಲಿ ಜಾಗ ಸಿಗುವುದು ಅಪರೂಪ. ತಾಲ್ಲೂಕು ಕೇಂದ್ರದ ಪುಸ್ತಕದಂಗಡಿ ಗೈಡು, ನೋಟ್‌ಬುಕ್ಕುಗಳ ವ್ಯಾಪಾರದಿಂದಲೇ ಬದುಕಬೇಕು. ಈ ಸೀಮೆಯಲ್ಲಿದ್ದುಕೊಂಡೇ ಹ್ಯಾಸ್ಕೆಲ್ ಕಲಿತ ಅನುಭವ ಇಲ್ಲಿನ ಮಾತುಗಳಿಗೆ ಆಧಾರ.

ಮೊದಲ ಪುಸ್ತಕಕ್ಕೆ ಬರವಿಲ್ಲ. ಗ್ರಹಾಂ ಹಟನ್ನರ 'ಪ್ರೋಗ್ರಾಮಿಂಗ್ ಇನ್ ಹ್ಯಾಸ್ಕೆಲ್' 2007ರಲ್ಲೇ ಬಂದು 2016ರಲ್ಲಿ ಪರಿಷ್ಕಾರ ಕಂಡಿತು. ತೊಡಕು ಅದನ್ನು ಮುಗಿಸಿದ ಮೇಲಿನದು. ಸಮಾನಾಂತರ ಪ್ರೋಗ್ರಾಮಿಂಗಿಗೆ ಸೈಮನ್ ಮಾರ್ಲೊ ಅವರ 2013ರ ಪುಸ್ತಕ, ಟೈಪುಗಳ ಆಳಕ್ಕೆ ಸ್ಯಾಂಡಿ ಮ್ಯಾಗ್ವೈರ್ ಅವರ 2018ರ 'ಥಿಂಕಿಂಗ್ ವಿತ್ ಟೈಪ್ಸ್', ವಿಟಾಲಿ ಬ್ರಗಿಲೆವ್ಸ್ಕಿಯವರ 2021ರ 'ಹ್ಯಾಸ್ಕೆಲ್ ಇನ್ ಡೆಪ್ತ್', ಇನ್ನು ಕೆಲವು. ಒಂದೊಂದು ವಿಷಯಕ್ಕೆ ಒಂದು ಪುಸ್ತಕ ಸಿಕ್ಕರೆ ಅದೇ ಹೆಚ್ಚು. ಕಾರಣ ಸರಳ. ಓದುಗರು ಕಡಿಮೆಯಾದ್ದರಿಂದ ಪ್ರಕಾಶಕರಿಗೆ ಹಾಕಿದ ಹಣ ಹುಟ್ಟುವ ಭರವಸೆಯಿಲ್ಲ. ಬಲ್ಲವರು ಬರೆದರೂ ತಮ್ಮಂಥ ಬಲ್ಲವರಿಗಾಗಿ ಸಂಶೋಧನಾ ಪ್ರಬಂಧ ಬರೆಯುತ್ತಾರೆ. ಇವೆರಡಕ್ಕಿಂತ ದೊಡ್ಡದು, ಪುಸ್ತಕ ಅಚ್ಚಾದ ಮೇಲೂ ಭಾಷೆ ಬದಲಾಗುತ್ತಲೇ ಇರುವುದು.

2008ರ 'ರಿಯಲ್ ವರ್ಲ್ಡ್ ಹ್ಯಾಸ್ಕೆಲ್' ಇದಕ್ಕೆ ಒಳ್ಳೆಯ ಸಾಕ್ಷಿ. ಪುಕ್ಕಟೆಯಾಗಿ ಓದಲು ಸಿಗುವುದರಿಂದ ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿ ಮೊದಲು ಹಿಡಿಯುವುದು ಇದನ್ನೇ. ಮೊನಾಡ್‌ಗಳ ಅಧ್ಯಾಯದಲ್ಲಿ 'ಲಾಗರ್' ಎಂಬ ಉದಾಹರಣೆ ಇದೆ. ಪುಸ್ತಕದಲ್ಲಿದ್ದಂತೆಯೇ ಅಕ್ಷರ ತಪ್ಪದೆ ಟೈಪ್ ಮಾಡಿದರೂ ಇಂದಿನ ಕಂಪೈಲರ್ ಒಪ್ಪುವುದಿಲ್ಲ. ಲಾಗರ್‌ಗೆ 'ಅಪ್ಲಿಕೇಟಿವ್' ಇಲ್ಲ ಎಂದು ಎರರ್ ಕೊಡುತ್ತದೆ. 2015ರಲ್ಲಿ ಬಂದ ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿ 7.10ರಿಂದ ಮೊನಾಡ್ ಆಗುವ ಪ್ರತಿ ಟೈಪೂ ಫಂಕ್ಟರ್ ಮತ್ತು ಅಪ್ಲಿಕೇಟಿವ್ ಕೂಡ ಆಗಿರಲೇಬೇಕು. 'ರಿಟರ್ನ್'ನಲ್ಲಿದ್ದದ್ದನ್ನು 'ಪ್ಯೂರ್'ಗೆ ಸರಿಸಿ, ಫಂಕ್ಟರ್, ಅಪ್ಲಿಕೇಟಿವ್‌ಗಳು ಕೇಳುವ ಉಳಿದೆರಡು ಫಂಕ್ಷನ್‌ಗಳ ಜಾಗದಲ್ಲಿ ಕ್ರಮವಾಗಿ 'ಲಿಫ್ಟ್‌ಎಂ' ಮತ್ತು 'ಎಪಿ' ಬರೆದರೆ ಕೆಲಸ ಆಯಿತು. ಕಾರಣ ಗೊತ್ತಿಲ್ಲದವನು ಮಾತ್ರ ತಪ್ಪೆಲ್ಲ ತನ್ನದೇ ಎಂದುಕೊಂಡು ಪುಸ್ತಕ ಮುಚ್ಚಿಬಿಡುತ್ತಾನೆ. ಹೀಗೆ ಕೈಬಿಟ್ಟವರ ಬಗ್ಗೆ ನಿಜಕ್ಕೂ ಬೇಸರವಾಗುತ್ತದೆ. ಹಳೆಯ ಉದಾಹರಣೆಯನ್ನು ಹೊಸ ಕಂಪೈಲರಿಗೆ ದುರಸ್ತಿ ಮಾಡುವುದೇ ಒಂದು ಮೇಲ್ಮಟ್ಟದ ಪಾಠ. ಮೂರು ಕ್ಲಾಸುಗಳ ಸಂಬಂಧ ಇಷ್ಟು ಚೆನ್ನಾಗಿ ತಲೆಗೆ ಹತ್ತುವುದು ಬೇರೆ ದಾರಿಯಲ್ಲಿ ಕಷ್ಟ.

ಹಳತಾದ ತಾಂತ್ರಿಕ ಪುಸ್ತಕವನ್ನು ಗುಜರಿಗೆ ಹಾಕಬಾರದು ಎನ್ನುವುದೂ ಇದರಿಂದಲೇ. ಬಸ್ ಕಂಡಕ್ಟರ್ ಆಗಿದ್ದು, ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ಪುಸ್ತಕದ ಮನೆಯಲ್ಲಿ ಲಕ್ಷಗಟ್ಟಲೆ ಪುಸ್ತಕ ಕೂಡಿಟ್ಟಿದ್ದಾರೆ. ಮರುಮುದ್ರಣ ಕಾಣದ ಪುಸ್ತಕಗಳಿಗೆ ಇಂಥ ಜಾಗವೇ ಗತಿ.

ಹ್ಯಾಸ್ಕೆಲ್‌ಗೆ ಹತ್ತಿರದ ಪ್ರೋಗ್ರಾಮಿಂಗ್ ಭಾಷೆಗಳ ಪುಸ್ತಕವೂ ಒದಗುತ್ತದೆ. ಕ್ರಿಸ್ ಒಕಾಸಾಕಿಯವರ 'ಪ್ಯೂರ್ಲಿ ಫಂಕ್ಷನಲ್ ಡೇಟಾ ಸ್ಟ್ರಕ್ಚರ್ಸ್' (1998) ಸ್ಟ್ಯಾಂಡರ್ಡ್ ಎಂಎಲ್‌ನಲ್ಲಿದೆ. ಹ್ಯಾಸ್ಕೆಲ್ ಕೋಡ್ ಇರುವುದು ಅನುಬಂಧದಲ್ಲಿ. ಆ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ಪುಸ್ತಕವೇ ಇಲ್ಲದ ಕಡೆ ಪ್ರಬಂಧವನ್ನೂ ನಿಜವಾದ ಕೋಡನ್ನೂ ಜೊತೆಗಿಟ್ಟು ಓದಬೇಕು. ಪ್ರಬಂಧವೊಂದನ್ನೇ ಹಿಡಿದರೆ ಎರಡನೆಯ ಪುಟದಲ್ಲೇ ದಿಕ್ಕು ತಪ್ಪುತ್ತದೆ, ಕೋಡೊಂದನ್ನೇ ಹಿಡಿದರೆ ಯಾಕೆ ಹೀಗೆ ಬರೆದರು ಎಂಬುದು ತಿಳಿಯುವುದಿಲ್ಲ. ನಮ್ಮ ಯಾತ್ರಿಯ ಕೋಡಿನಲ್ಲಿ ಎಪಿಐಗಳನ್ನು 'ಸರ್ವೆಂಟ್' ಲೈಬ್ರರಿಯಿಂದ ವಿವರಿಸಲಾಗಿದೆ. ವಿಳಾಸದ ತುಂಡುಗಳು, ಒಳಬರುವ ಮಾಹಿತಿ, ಕೊಡಬೇಕಾದ ಉತ್ತರ ಎಲ್ಲವನ್ನೂ ಪೋಣಿಸಿದ ಒಂದು ಉದ್ದನೆಯ ಟೈಪ್ ಅದು. ಸರ್ವೆಂಟ್ ಕರ್ತೃಗಳು 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ಹಿಂದಿನ ಯೋಚನೆಯೆಲ್ಲ ಇದೆ. ಮೊದಲು ಒಂದು ಎಪಿಐ ಟೈಪನ್ನು ಕಾಗದದ ಮೇಲೆ ಬಿಡಿಸಿ ಬರೆದುಕೊಳ್ಳಬೇಕು, ಆಮೇಲೆ ಪ್ರಬಂಧ ತೆರೆಯಬೇಕು, ಸಿಕ್ಕುಬಿದ್ದಲ್ಲಿ ಮ್ಯಾಗ್ವೈರ್ ಪುಸ್ತಕದ ಆಯಾ ಅಧ್ಯಾಯಕ್ಕೆ ಹೋಗಿಬರಬೇಕು. ಈ ಕ್ರಮದಲ್ಲಿ ಓದಿದರೆ ಉಳಿದ ಎಪಿಐಗಳನ್ನು ಯಾರ ನೆರವೂ ಇಲ್ಲದೆ ಓದಲು ಬರುತ್ತದೆ.