ಅಂಗಕಸಿಯ ಅನಂತರ ರಕ್ತಕಣಗಳ ಇಳಿಕೆ: ರೋಗಿಯೂ ಮನೆಯವರೂ ತಿಳಿದಿರಬೇಕಾದುದು

ಮೂತ್ರಪಿಂಡದ ಕಸಿಯಾಗಿ ರೋಗಿಯು ಮನೆಗೆ ಮರಳಿದೊಡನೆ ಚಿಕಿತ್ಸೆ ಮುಗಿಯಿತೆಂದು ಬಂಧುಗಳು ಭಾವಿಸುವುದು ಸಹಜ. ಆದರೆ ಮುಂದಿನ ಕೆಲವು ತಿಂಗಳು ಮೇಲಿಂದ ಮೇಲೆ ರಕ್ತಪರೀಕ್ಷೆ ನಡೆಯುತ್ತದೆ. ಹೊಸ ಮೂತ್ರಪಿಂಡವು ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಬಿಳಿ ರಕ್ತಕಣಗಳ ಸಂಖ್ಯೆ ಕುಸಿದಿದೆಯೆಂಬ ವರದಿ ಬಂದರೆ ಮನೆಮಂದಿ ದಿಗಿಲುಗೊಳ್ಳುತ್ತಾರೆ. ಈ ಇಳಿಕೆಯು ಅಪರೂಪವೇನಲ್ಲ. ಬಹುಪಾಲು ಸಂದರ್ಭಗಳಲ್ಲಿ ಸರಿಪಡಿಸಬಹುದಾದುದೇ ಆಗಿದೆ. ಆದರೆ ಅದನ್ನು ಅಲಕ್ಷಿಸುವುದು ಎಷ್ಟು ಅಪಾಯವೋ, ಗಾಬರಿಯಿಂದ ತಾವಾಗಿಯೇ ಔಷಧ ನಿಲ್ಲಿಸುವುದೂ ಅಷ್ಟೇ ಅಪಾಯ.

ರಕ್ತಕಣಗಳೆಲ್ಲ ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ರಕ್ತಸ್ರಾವವನ್ನು ತಡೆಯುವ ಪ್ಲೇಟ್‌ಲೆಟ್‌ಗಳದು 8ರಿಂದ 10 ದಿನ. ಸೋಂಕಿನೊಡನೆ ಮೊದಲು ಹೋರಾಡುವ ನ್ಯೂಟ್ರೊಫಿಲ್ ಎಂಬ ಬಿಳಿ ಕಣವಾದರೋ ರಕ್ತದಲ್ಲಿ ಒಂದು ದಿನದಷ್ಟೂ ಉಳಿಯುವುದು ಕಷ್ಟ. ಆದಕಾರಣ ಮಜ್ಜೆಯ ಕೆಲಸ ಕುಂಠಿತವಾದಾಗ ಬಿಳಿ ಕಣಗಳ ಕೊರತೆಯು ಬೇಗನೆ ಕಾಣಿಸಿಕೊಳ್ಳುತ್ತದೆ.

ಮುಂಬಯಿಗೆ ಈ ವಿಷಯದಲ್ಲಿ ದೀರ್ಘ ಅನುಭವವಿದೆ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1965ರಷ್ಟು ಹಿಂದೆಯೇ ಮೂತ್ರಪಿಂಡ ಕಸಿಯ ಪ್ರಯತ್ನ ನಡೆದಿತ್ತು. ಅದೇ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ ಡಾ. ಸುರೇಶ ಅಡ್ವಾಣಿಯವರು ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಒಂಬತ್ತು ವರ್ಷದ ಬಾಲಕಿಗೆ ಅವಳ ಸಹೋದರನ ಅಸ್ಥಿಮಜ್ಜೆಯನ್ನು ಕಸಿ ಮಾಡಿದರು. ಭಾರತದ ಮೊದಲ ಯಶಸ್ವಿ ಮಜ್ಜೆಯ ಕಸಿ ಎಂದು ಅದು ಪ್ರಸಿದ್ಧವಾಗಿದೆ. ಮಜ್ಜೆಯ ಕಸಿಯಲ್ಲಿ ಕಣಗಳ ಕುಸಿತವು ಚಿಕಿತ್ಸೆಯದೇ ಒಂದು ಭಾಗ: ರೋಗಗ್ರಸ್ತ ಮಜ್ಜೆಯನ್ನು ತೀವ್ರ ಔಷಧಗಳಿಂದ ಇಲ್ಲವಾಗಿಸಿ, ಹೊಸ ಮಜ್ಜೆಯು ಬೇರೂರುವವರೆಗೆ, ಅಂದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ಕಾಲ, ರೋಗಿಯನ್ನು ಪ್ರತ್ಯೇಕ ಕೊಠಡಿಯಲ್ಲಿ ಕಾಪಾಡಲಾಗುತ್ತದೆ. ಮೂತ್ರಪಿಂಡ ಅಥವಾ ಯಕೃತ್ತಿನ ಕಸಿಯಲ್ಲಿ ಹಾಗಲ್ಲ. ಇಲ್ಲಿ ಮಜ್ಜೆಯು ರೋಗಿಯದೇ; ಅದರ ಮೇಲೆ ಬೀಳುವ ಒತ್ತಡ ಮಾತ್ರ ಹೊರಗಿನದು.

ಇಳಿಕೆಯ ಕಾರಣಗಳು

ಶರೀರವು ಹೊಸ ಅಂಗವನ್ನು ತಿರಸ್ಕರಿಸದಂತೆ ನೀಡುವ ಮೈಕೊಫೆನೊಲೇಟ್, ಅಜಥಯೊಪ್ರಿನ್ ಮುಂತಾದ ಔಷಧಗಳು ಮಜ್ಜೆಯನ್ನೂ ಕುಗ್ಗಿಸುತ್ತವೆ. ಸೈಟೊಮೆಗಲೊ ವೈರಾಣುವಿನ ತಡೆಗೆ ಕೊಡುವ ವಾಲ್‌ಗ್ಯಾನ್‌ಸೈಕ್ಲೊವಿರ್ ಮತ್ತು ಒಂದು ಬಗೆಯ ನ್ಯುಮೋನಿಯ ಬಾರದಂತೆ ಕೊಡುವ ಕೋಟ್ರೈಮಾಕ್ಸಜೋಲ್ ಗುಳಿಗೆಗೂ ಇದೇ ಗುಣವಿದೆ. ಕೆಲವೊಮ್ಮೆ ಆ ವೈರಾಣುವೇ ಕಾರಣವಾಗಿರುತ್ತದೆ. ಇನ್ನೊಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕು. ಕೀಲುನೋವಿಗೆ ಯೂರಿಕ್ ಆಮ್ಲ ತಗ್ಗಿಸುವ ಅಲೊಪ್ಯುರಿನಾಲ್ ಎಂಬ ಸಾಮಾನ್ಯ ಗುಳಿಗೆಯನ್ನು ಅಜಥಯೊಪ್ರಿನ್ ಸೇವಿಸುವವರಿಗೆ ಎಂದಿನ ಪ್ರಮಾಣದಲ್ಲಿ ಕೊಟ್ಟರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯಬಲ್ಲವು. ಕಸಿಯ ವಿಷಯ ತಿಳಿಯದ ಬೇರೆ ವೈದ್ಯರ ಬಳಿಗೆ ಹೋದಾಗ ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು ತೋರಿಸುವುದು ಇದಕ್ಕಾಗಿಯೇ.

ವರದಿಯಲ್ಲಿ ಒಟ್ಟು ಬಿಳಿ ಕಣಗಳ ಸಂಖ್ಯೆಯನ್ನಷ್ಟೇ ನೋಡಿದರೆ ಸಾಲದು. ಒಟ್ಟು 2,400 ಇದ್ದು ನ್ಯೂಟ್ರೊಫಿಲ್ ಶೇಕಡ 60 ಆಗಿದ್ದರೆ ಅವುಗಳ ಸಂಖ್ಯೆ 1,440. ಇದು ಸಾಧಾರಣ ಕೊರತೆ. ಅದೇ 2,400ರಲ್ಲಿ ಶೇಕಡ 20 ಆಗಿದ್ದರೆ ಕೇವಲ 480. ಐನೂರಕ್ಕಿಂತ ಕಡಿಮೆಯಾದರೆ ಗಂಭೀರ ಸೋಂಕಿನ ಭಯವಿರುತ್ತದೆ. ವೈದ್ಯರು ಆಗ ಯಾವುದಾದರೊಂದು ಔಷಧವನ್ನು ತಗ್ಗಿಸಬಹುದು, ತಾತ್ಕಾಲಿಕವಾಗಿ ನಿಲ್ಲಿಸಬಹುದು, ಅಥವಾ ಮಜ್ಜೆಯನ್ನು ಚುರುಕುಗೊಳಿಸುವ ಚುಚ್ಚುಮದ್ದು ಕೊಡಬಹುದು. ಯಾವುದನ್ನು ಎಷ್ಟು ತಗ್ಗಿಸಬೇಕೆಂಬುದು ಸೂಕ್ಷ್ಮವಾದ ತೂಕ. ಹೆಚ್ಚಾದರೆ ಸೋಂಕು, ಕಡಿಮೆಯಾದರೆ ಬಂಧುವೊಬ್ಬರು ದಾನವಾಗಿತ್ತ ಅಂಗವೇ ಕೈತಪ್ಪುವ ಸಂಭವ. ಈ ತೀರ್ಮಾನ ರೋಗಿಯದೂ ಅಲ್ಲ, ಔಷಧದಂಗಡಿಯವನದೂ ಅಲ್ಲ.

ಜ್ವರ ಬಂದಾಗ

ಬಿಳಿ ಕಣ ಕಡಿಮೆಯಿರುವಾಗ ಕೀವು, ಊತ ಮುಂತಾದ ಗುರುತುಗಳು ಕಾಣದೆ ಹೋಗಬಹುದು, ಜ್ವರವೊಂದೇ ಸೂಚನೆಯಾಗಿರಬಹುದು. ಉಷ್ಣತೆಯು 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅದು ಅಪರಾತ್ರಿಯೇ ಆಗಿರಲಿ, ಕಸಿಯ ಘಟಕಕ್ಕೆ ತಿಳಿಸಬೇಕು. ಮೊದಲು ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ನೋಡೋಣವೆಂದರೆ ಜ್ವರ ಮರೆಯಾಗುತ್ತದೆ, ಸೋಂಕು ಮಾತ್ರ ಬೆಳೆಯುತ್ತದೆ. ಐಬುಪ್ರೊಫೆನ್‌ನಂತಹ ನೋವಿನ ಗುಳಿಗೆಗಳನ್ನಂತೂ ಮುಟ್ಟಲೇಬಾರದು. ಅವು ಪ್ಲೇಟ್‌ಲೆಟ್‌ಗಳ ಕೆಲಸಕ್ಕೂ ಮೂತ್ರಪಿಂಡಕ್ಕೂ ಹಾನಿಕರ.

ಮುಂಬಯಿಯ ಮಳೆಗಾಲ ಈ ಕಷ್ಟವನ್ನು ಇಮ್ಮಡಿಗೊಳಿಸುತ್ತದೆ. ಡೆಂಗಿ, ಮಲೇರಿಯ ಎರಡರಲ್ಲಿಯೂ ಪ್ಲೇಟ್‌ಲೆಟ್‌ಗಳು ಇಳಿಯುತ್ತವೆಯಾದ್ದರಿಂದ ಇಳಿಕೆಗೆಲ್ಲ ಕಸಿಯ ಔಷಧವೇ ಕಾರಣವೆಂದು ತಿಳಿಯಲಾಗದು. 2005ರ ಜುಲೈ 26ರ ಮಹಾಪೂರದ ಬಳಿಕ ನಗರದಲ್ಲಿ ಇಲಿಜ್ವರ ಹಬ್ಬಿದುದನ್ನು ಹಲವರು ಮರೆತಿರಲಾರರು. ರಸ್ತೆಯಲ್ಲಿ ನಿಂತ ನೀರಿಗೆ ಕಸಿಯಾದವರು ಕಾಲಿಡಬಾರದು. ಅಂದು ಪರೀಕ್ಷೆಯ ದಿನವಾದರೆ ಆಸ್ಪತ್ರೆಗೆ ದೂರವಾಣಿ ಮಾಡಿ ಮರುದಿನ ಹೋಗಬಹುದೇ ಎಂದು ಕೇಳುವುದು ಲೇಸು. ಡೊಂಬಿವಲಿ, ವಿರಾರ್ ಮೊದಲಾದ ಕಡೆಗಳಿಂದ ಪರೇಲಿಗೆ ಬರುವವರು ಲೋಕಲ್ ರೈಲಿನ ಬೆಳಗಿನ ನೂಕುನುಗ್ಗಲನ್ನು ತಪ್ಪಿಸಬೇಕು. ಅಂಗವಿಕಲರಿಗೆ ಮೀಸಲಾದ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಪ್ರಯಾಣದ ಅವಕಾಶವಿದೆ. ಮಜ್ಜೆಯ ಕಸಿಯಾದ ಕ್ಯಾನ್ಸರ್ ರೋಗಿಗಳು ಆಸ್ಪತ್ರೆಯ ಪತ್ರವನ್ನು ಜೊತೆಗಿಟ್ಟುಕೊಳ್ಳಬೇಕು. ಕಟ್ಟಡ ಕೆಡಹುವ ಧೂಳಿನಲ್ಲಿ ಮತ್ತು ಕಿಟಕಿಯ ಚಜ್ಜೆಯ ಮೇಲೆ ಬೀಳುವ ಪಾರಿವಾಳದ ಹಿಕ್ಕೆಯಲ್ಲಿ ಶ್ವಾಸಕೋಶಕ್ಕೆ ತಗಲುವ ಬೂಷ್ಟುಗಳಿರುತ್ತವೆ. ಆ ಹಿಕ್ಕೆಯನ್ನು ರೋಗಿಯು ಗುಡಿಸಬಾರದು.

ಆಹಾರದಲ್ಲಿ ಅತಿಯಾದ ಪಥ್ಯ ಬೇಕಿಲ್ಲ. ಬಿಸಿಯಾಗಿ ಬೇಯಿಸಿದ ಮನೆಯೂಟ, ಕುದಿಸಿ ಆರಿಸಿದ ನೀರು, ಚೆನ್ನಾಗಿ ತೊಳೆದು ಸಿಪ್ಪೆ ಸುಲಿದ ಹಣ್ಣು ಸಾಕು. ಬೀದಿಯ ಪಾನಿಪುರಿ, ಮಂಜುಗಡ್ಡೆ ಹಾಕಿದ ಕಬ್ಬಿನ ಹಾಲು, ಬೆಳಿಗ್ಗೆ ಅರೆದು ಸಂಜೆಯವರೆಗೆ ಹೊರಗಿಟ್ಟ ತೆಂಗಿನಕಾಯಿ ಚಟ್ನಿ ವರ್ಜ್ಯ. ಪ್ಲೇಟ್‌ಲೆಟ್ ಹೆಚ್ಚಲೆಂದು ಪಪ್ಪಾಯಿ ಎಲೆಯ ರಸವನ್ನೋ ನಾಟಿ ಕಷಾಯವನ್ನೋ ಪ್ರೀತಿಯಿಂದ ತಂದುಕೊಡುವವರು ಇದ್ದೇ ಇರುತ್ತಾರೆ. ಕಸಿಯ ಔಷಧಗಳ ಮಟ್ಟವನ್ನು ಏರುಪೇರು ಮಾಡುವ ಗಿಡಮೂಲಿಕೆಗಳಿರುವುದರಿಂದ ಅವರಿಗೆ ನಯವಾಗಿ ಬೇಡವೆನ್ನಬೇಕು. ಚಕ್ಕೋತದ ಹಣ್ಣೂ ಬೇಡ.

ರಕ್ತ ಕೊಡುವ ಪ್ರಶ್ನೆ

ಹಿಮೋಗ್ಲೋಬಿನ್ ಸ್ವಲ್ಪ ಇಳಿದೊಡನೆ ರಕ್ತ ಏರಿಸಿರೆಂದು ಬಂಧುಗಳು ಒತ್ತಾಯಿಸುವುದುಂಟು. ಪರರ ರಕ್ತವು ಶರೀರದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಿ ಕಸಿಯಾದ ಅಂಗಕ್ಕೆ ತೊಡಕಾಗಬಹುದಾದ್ದರಿಂದ ವೈದ್ಯರು ಹಿಂಜರಿಯುತ್ತಾರೆ. ಕಬ್ಬಿಣದ ಅಂಶ ಅಥವಾ ಎರಿತ್ರೊಪೊಯೆಟಿನ್ ಚುಚ್ಚುಮದ್ದಿನಿಂದ ಅನೇಕರಿಗೆ ಗುಣ ಕಾಣುತ್ತದೆ. ಮಜ್ಜೆಯ ಕಸಿಯಾದವರಿಗೆ ಕೊಡುವ ರಕ್ತವನ್ನು ವಿಕಿರಣಕ್ಕೆ ಒಡ್ಡಿರಬೇಕೆಂಬ ನಿಯಮವಿದೆ. ಇದೇ ನಗರದಲ್ಲಿ ಡಾ. ವೈ.ಎಂ. ಭೇಂಡೆಯವರು 1952ರಲ್ಲಿ ವರದಿ ಮಾಡಿದ ‘ಬಾಂಬೆ’ ರಕ್ತಗುಂಪಿನವರು ಸಾಮಾನ್ಯ ಪರೀಕ್ಷೆಯಲ್ಲಿ ‘ಓ’ ಗುಂಪಿನವರಂತೆ ಕಂಡರೂ ‘ಓ’ ರಕ್ತವನ್ನು ಸಹಿಸಲಾರರು. ತುರ್ತಿನಲ್ಲಿಯೂ ಪೂರ್ಣ ಹೊಂದಾಣಿಕೆ ಪರೀಕ್ಷೆಯನ್ನು ಬಿಡಬಾರದೆನ್ನುವುದು ಈ ಕಾರಣದಿಂದ.

ಚಿಕಿತ್ಸೆಯ ಬಳಿಕ ಉಡುಪಿಗೋ ಕಲಬುರ್ಗಿಗೋ ಮರಳುವವರು ಎಲ್ಲ ವರದಿಗಳ ಪ್ರತಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು ಮತ್ತು ಊರಿನಲ್ಲಿ ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಟ್ಯಾಕ್ರೊಲಿಮಸ್ ಸೇವಿಸುವವರು ಪರೀಕ್ಷೆಯ ದಿನ ಬೆಳಗಿನ ಗುಳಿಗೆಯನ್ನು ನುಂಗದೆ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಕೂಡಲೇ ಅಲ್ಲಿಯೇ ನುಂಗಬೇಕು.