ಸಿಟ್ಟು ಬರುವ ಮುಂಚೆಯೇ ಕಲಿಸಬೇಕು

ನಾನು ಸರ್ಕಾರಿ ಶಾಲೆಯಲ್ಲಿ ಮೂರು, ನಾಲ್ಕನೇ ತರಗತಿಗೆ ಪಾಠ ಮಾಡುವವಳು. ಸಿಟ್ಟು ತಡೆದುಕೊಳ್ಳುವುದು, ಸರದಿಗೆ ಕಾಯುವುದು, ಸೋತರೂ ಆಟ ಬಿಟ್ಟು ಓಡದಿರುವುದು ಇವೆಲ್ಲ ಒತ್ತಕ್ಷರದಂತೆ ಕಲಿಸಿಯೇ ಬರಬೇಕಾದವು. ಬೈದರೆ ಒತ್ತಕ್ಷರ ಬರುವುದಿಲ್ಲ, ಇವೂ ಬರುವುದಿಲ್ಲ.

1. ಮಕ್ಕಳು ನಗುನಗುತ್ತಾ ಇರುವಾಗ ಕಲಿಸಿ

ಜಗಳದ ನಡುವೆ ನಿಂತು ತಾಳ್ಮೆಯ ಬಗ್ಗೆ ಹೇಳಿದರೆ ಯಾರ ಕಿವಿಗೂ ಬೀಳದು. ನಾನು ನೆಚ್ಚಿಕೊಂಡಿರುವುದು ಕೆರೆ-ದಡ ಆಟವನ್ನು. 'ಕೆರೆ' ಅಂದಾಗ ಗೆರೆಯ ಒಳಗೆ, 'ದಡ' ಅಂದಾಗ ಹೊರಗೆ ಹಾರಬೇಕು. ಆಟ ಪಳಗಿದ ಮೇಲೆ ನಿಯಮ ತಿರುಗಿಸುತ್ತೇನೆ: ಕೆರೆ ಅಂದರೆ ದಡಕ್ಕೆ, ದಡ ಅಂದರೆ ಕೆರೆಗೆ. ಆಗ ನೋಡಬೇಕು, ಎತ್ತಿದ ಕಾಲು ಹಾಗೇ ನಿಂತುಬಿಡುತ್ತದೆ. ಆ ಅರೆಗಳಿಗೆಯ ತಡೆಯೇ ನನಗೆ ಬೇಕಾದದ್ದು. ಅಮೆರಿಕದ ಸಂಶೋಧಕಿ ಮೇಗನ್ ಮೆಕ್‌ಕ್ಲೆಲೆಂಡ್ ಮತ್ತು ಸಂಗಡಿಗರು ಚಿಕ್ಕ ಮಕ್ಕಳ ಸ್ವನಿಯಂತ್ರಣ ಅಳೆಯುವುದೂ ಹೆಚ್ಚುಕಡಿಮೆ ಹೀಗೆಯೇ. ತಲೆ ಮುಟ್ಟು ಅಂದರೆ ಮಗು ಕಾಲ್ಬೆರಳು ಮುಟ್ಟಬೇಕು.

ಒಂದು ಮಾತು: ಔಟಾದವರನ್ನು ಹೊರಗೆ ಕೂರಿಸಬೇಡಿ. ಈ ಅಭ್ಯಾಸ ಯಾರಿಗೆ ತೀರಾ ಬೇಕೋ ಅವರೇ ಮೊದಲು ಔಟಾಗುವುದು.

2. ಸಿಟ್ಟು ನೆತ್ತಿಗೇರಿದಾಗ 'ಯಾಕೆ' ಅಂತ ಕೇಳಬೇಡಿ

ಬಿಸಿಯೂಟದ ಸಾಲಿನಲ್ಲಿ ಒಬ್ಬ ಹುಡುಗ ತಟ್ಟೆ ಎಸೆದ. ಅನ್ನ ಸಾರು ನೆಲದ ಪಾಲು. ಮುಷ್ಟಿ ಬಿಗಿದಿತ್ತು, ಕಿವಿಯೆಲ್ಲ ಕೆಂಪು. ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು, 'ನಾನಿಲ್ಲೇ ಇದ್ದೀನಿ ಕಣೋ. ಬಾ, ಮುಖ ತೊಳ್ಕೊಳೋಣ' ಅಂದೆ, ಅಷ್ಟೇ. ನಲ್ಲಿಯ ಕೆಳಗೆ ಸುಮಾರು ಹೊತ್ತು ಕೈ ಹಿಡಿದುಕೊಂಡು ನಿಂತ. ಬೇರೆ ತಟ್ಟೆಯಲ್ಲಿ ಊಟ ಮುಗಿಸಿದ ಮೇಲೆ ತಾನಾಗಿಯೇ ಬಾಯಿಬಿಟ್ಟ: 'ಅವನು ನಮ್ಮಪ್ಪನ್ನ ಕುಡುಕ ಅಂದ, ಮಿಸ್.'

'ಮತ್ತೆ ಹಂಗೇ ಅಂದ್ರೆ ಏನ್ಮಾಡ್ತೀಯ?' ಎಂದು ಕೇಳಿದೆ. ಯೋಚಿಸಿ, 'ಸಾಲು ಬಿಟ್ಟು ನಿಮ್ಮ ಹತ್ರ ಬರ್ತೀನಿ' ಅಂದ. ಅದನ್ನು ಇಬ್ಬರೂ ನಟಿಸಿ ನೋಡಿದೆವು. ನೆಲ ಒರೆಸಿದ್ದು ಅವನೇ, ಶಿಕ್ಷೆಗಲ್ಲ, ತಾನು ಕೆಡಿಸಿದ್ದನ್ನು ತಾನೇ ಸರಿಮಾಡಲು. ಆ ಮಾತು ಆಡಿದವನ ಜೊತೆ ಬೇರೆಯಾಗಿ ಮಾತಾಡಿದೆ. ತಟ್ಟೆ ಎಸೆದವನನ್ನಷ್ಟೇ ತಿದ್ದಿ ಚುಚ್ಚಿದವನನ್ನು ಬಿಡುವುದು ಶಾಲೆಗಳಲ್ಲಿ ನಡೆಯುವ ದೊಡ್ಡ ಅನ್ಯಾಯ.

ದೊಡ್ಡವರ ದನಿ ಇಳಿಯದೆ ಮಗುವಿನ ದನಿ ಇಳಿಯದು.

3. ಭಾವನೆ ಮೈಯಲ್ಲಿ ಎಲ್ಲಿದೆ ಅಂತ ಕೇಳಿ

ಒಳಗಿನದನ್ನು ಹೇಳಲು ಎಂಟು ವರ್ಷದ ಮಕ್ಕಳಿಗೆ ಮಾತು ಸಾಲದು. 'ಎಲ್ಲಿ ಆಗ್ತಿದೆ?' ಅಂದರೆ ಥಟ್ಟನೆ ತೋರಿಸುತ್ತಾರೆ. ಗಂಟಲು ಕಟ್ಟಿದೆ, ಹೊಟ್ಟೆ ತೊಳೆಸುತ್ತಿದೆ, ಕೈ ಬಿಸಿಯಾಗಿದೆ. ಆಮೇಲೆ ಅದು ಅವಮಾನವೋ ಭಯವೋ ಹೊಟ್ಟೆಕಿಚ್ಚೋ ಎಂದು ಜೊತೆಯಲ್ಲೇ ಹುಡುಕುತ್ತೇವೆ. ಭಾವನೆಗೆ ಹೆಸರಿಟ್ಟಾಗ ಮಿದುಳಿನ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ತಂಡ ದೊಡ್ಡವರ ಮೇಲೆ ನಡೆಸಿದ ಪ್ರಯೋಗದಲ್ಲಿ 2007ರಲ್ಲಿ ತೋರಿಸಿತು.

4. ಧ್ಯಾನ ಮಾಡಿಸಿದರೆ ಮುಗಿಯಲಿಲ್ಲ

ಬ್ರಿಟನ್ನಿನ 85 ಶಾಲೆಗಳಲ್ಲಿ, 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ಮೈಂಡ್‌ಫುಲ್‌ನೆಸ್ ಎಂಬ ಧ್ಯಾನಪಾಠದ ಪ್ರಯೋಗ ನಡೆಯಿತು. 2022ರಲ್ಲಿ ಬಂದ ಫಲಿತಾಂಶದಲ್ಲಿ ಅದು ಶಾಲೆಗಳ ಮಾಮೂಲಿ ಪಾಠಕ್ಕಿಂತ ಮೇಲೆನಿಸಲಿಲ್ಲ. ಉಸಿರಾಟ ನಾನೂ ಮಾಡಿಸುತ್ತೇನೆ, ಬಲವಂತವಿಲ್ಲದೆ. ಕೆಲವರಿಗೆ ಕಣ್ಣು ಮುಚ್ಚಿದರೇ ಹೆದರಿಕೆ. ಅಂಥವರು ಅಂಗಳ ಸುತ್ತಿ ಬರಲಿ, ಗಿಡಕ್ಕೆ ನೀರು ಹಾಕಲಿ.

ಬೆಳಗ್ಗೆ ಏನೂ ತಿನ್ನದೆ ಬಂದ ಮಗುವಿಗೆ ಮೊದಲು ಹಾಲು.

5. ಕೊಟ್ಟ ಮಾತು ಉಳಿಸಿಕೊಳ್ಳಿ

ಕಾಯುವ ಶಕ್ತಿ ಹುಟ್ಟುಗುಣ ಎಂದು ಹೇಳುವವರು ಸಂಶೋಧಕಿ ಸೆಲೆಸ್ಟ್ ಕಿಡ್ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಪ್ರಯೋಗದ ಬಗ್ಗೆ ಓದಬೇಕು. ಒಳ್ಳೆಯ ಬಣ್ಣ ತರುತ್ತೇವೆಂದು ಹೇಳಿ ಹೋದವರು ತಂದುಕೊಟ್ಟಿದ್ದರೆ, ಮಕ್ಕಳು ಆಮೇಲೆ, ಕಾದರೆ ಎರಡನೇ ಮಿಠಾಯಿ ಸಿಗುತ್ತದೆಂಬ ಆಸೆಗೆ ಸರಾಸರಿ 12 ನಿಮಿಷ ಕಾದರು. ಬರಿಗೈಯಲ್ಲಿ ಬಂದಿದ್ದರೆ 3 ನಿಮಿಷ. ನಂಬಿಕೆ ಇಲ್ಲದ ಕಡೆ ಕಾಯದಿರುವುದು ಮಗುವಿನ ಜಾಣತನವೇ. ನಾಳೆ ಚೆಂಡು ನಿನಗೆ ಎಂದಿದ್ದರೆ ನಾಳೆ ಚೆಂಡು ಆ ಮಗುವಿನ ಕೈಯಲ್ಲಿರಬೇಕು.

6. ಸದ್ದಿಲ್ಲದ ಮಗುವನ್ನೂ ನೋಡಿ

ಯಾರ ತಂಟೆಗೂ ಹೋಗದ ಹುಡುಗಿಯನ್ನು ನಾವು ಬಲು ಬೇಗ ಹೊಗಳುತ್ತೇವೆ. ಆಕೆ ಸಿಟ್ಟನ್ನು ನಿಭಾಯಿಸುತ್ತಿರಲಿಕ್ಕಿಲ್ಲ, ನುಂಗುತ್ತಿರಬಹುದು. ಪೆನ್ಸಿಲ್ ಕಿತ್ತುಕೊಂಡರೂ ಸುಮ್ಮನಿರುವವಳಿಗೆ 'ಕೊಡು, ಅದು ನಂದು' ಎಂದು ಗಟ್ಟಿಯಾಗಿ ಹೇಳುವುದನ್ನು ಕಲಿಸಬೇಕು. ಮೊದಲು ನನ್ನ ಹತ್ತಿರ, ಆಮೇಲೆ ಗೆಳತಿಯ ಹತ್ತಿರ, ಕೊನೆಗೆ ಕಿತ್ತುಕೊಂಡವನ ಹತ್ತಿರ.

ಊಟ ಬಿಟ್ಟರೆ, ಇದ್ದಕ್ಕಿದ್ದಂತೆ ಮಾತು ನಿಂತರೆ, ತನಗೆ ತಾನೇ ನೋವು ಮಾಡಿಕೊಂಡರೆ ಅದು ತರಗತಿಯ ಆಟಗಳಿಂದ ಬಗೆಹರಿಯುವ ಸಂಗತಿಯಲ್ಲ. ಮನೆಯವರನ್ನು ಕರೆಸಿ ಮಾತಾಡಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಶಿಕ್ಷಕರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೆ ಹೊಡೆತ, ಕಿರುಕುಳವಾಗುತ್ತಿದೆ ಎನಿಸಿದರೆ ಮಾತ್ರ ಮನೆಯವರಿಗೆ ಹೇಳುವ ಮುಂಚೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.