ಅರ್ಜಿ ಆನ್‌ಲೈನ್ ಆಯಿತು, ಕಡತ ಎಲ್ಲಿದೆ?

ಸ್ಯಾಟಲೈಟ್‌ನಲ್ಲಿ ಬಾಡಿಗೆ ಮನೆ, ಹಾವೇರಿ ಜಿಲ್ಲೆಯಲ್ಲಿ ಅಪ್ಪನ ಹೆಸರಿನ ಹೊಲ, ಚೊಚ್ಚಲ ಹೆರಿಗೆ ಹುಬ್ಬಳ್ಳಿಯ ತವರಿನಲ್ಲಿ. ಇಸ್ರೋದ ಬಾಹ್ಯಾಕಾಶ ಕೇಂದ್ರದಿಂದಾಗಿ ಹೆಸರು ಪಡೆದ ಅಹಮದಾಬಾದಿನ ಈ ಬಡಾವಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ಕಾಗದಪತ್ರ ಹೀಗೆ ಎರಡು ರಾಜ್ಯಗಳ ಕಚೇರಿಗಳಲ್ಲಿ ಹಂಚಿಹೋಗಿರುತ್ತದೆ. ಮಗುವಿನ ಜನನ ಪ್ರಮಾಣಪತ್ರಕ್ಕೆ ಹುಬ್ಬಳ್ಳಿ, ಪಹಣಿಗೆ ಹಾವೇರಿ, ಆದಾಯ ಪ್ರಮಾಣಪತ್ರಕ್ಕೆ ಅಹಮದಾಬಾದಿನ ಮಾಮಲತದಾರ (ತಹಶೀಲ್ದಾರ್) ಕಚೇರಿ. ಹಿಂದೆ ಇದಕ್ಕೆಲ್ಲ ರಜೆ ಹಾಕಿ ರೈಲು ಹತ್ತಬೇಕಿತ್ತು. ಈಗ ಸೇವಾ ಸಿಂಧು, ಡಿಜಿಟಲ್ ಗುಜರಾತ್‌ನಂಥ ಜಾಲತಾಣಗಳಿಂದ ಅರ್ಜಿ ಹಾಕುವುದು ಸಲೀಸಾಗಿದೆ. ತೊಂದರೆ ಶುರುವಾಗುವುದು ಹಾಕಿದ ಮೇಲೆ. ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಮಾತು ವಾರಗಟ್ಟಲೆ ತೆರೆಯ ಮೇಲೆ ನಿಂತಿರುತ್ತದೆ. ಯಾರ ಮೇಜಿನ ಮೇಲೆ ನಿಂತಿದೆ, ಏಕೆ ನಿಂತಿದೆ ಎಂದು ಜಾಲತಾಣ ಹೇಳುವುದಿಲ್ಲ. ಆದರೆ ಅದನ್ನು ಕೇಳುವ ಹಕ್ಕು ಕಾನೂನಿನಲ್ಲಿದೆ.

ಜಾಲತಾಣ ಒಂದು ಸೌಲಭ್ಯ ಮಾತ್ರ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೂ ಡಿಜಿಟಲ್ ಸಹಿಗೂ ಕಾನೂನಿನ ಮಾನ್ಯತೆ ಕೊಟ್ಟಿದೆ ನಿಜ. ಅದೇ ಕಾಯ್ದೆಯ 9ನೇ ಕಲಮು, ವಿದ್ಯುನ್ಮಾನ ರೂಪದಲ್ಲೇ ಸ್ವೀಕರಿಸಿ ಅಥವಾ ಕೊಡಿ ಎಂದು ಸರ್ಕಾರಿ ಕಚೇರಿಯನ್ನು ಒತ್ತಾಯಿಸುವ ಹಕ್ಕು ಆ ಕಾಯ್ದೆಯ ಇ-ಆಡಳಿತದ ಕಲಮುಗಳಿಂದ ಯಾರಿಗೂ ಬರುವುದಿಲ್ಲ ಎಂದೂ ಹೇಳುತ್ತದೆ. ಹಾಗಾದರೆ ನಮ್ಮ ಹಕ್ಕು ಎಲ್ಲಿದೆ? ಸೇವೆಗೆ ಗೊತ್ತುಪಡಿಸಿದ ದಿನಗಳ ಲೆಕ್ಕದಲ್ಲಿದೆ, ಆ ಲೆಕ್ಕಕ್ಕೆ ಹೊಣೆಯಾದ ಒಬ್ಬ ಅಧಿಕಾರಿಯಲ್ಲಿದೆ. ಅರ್ಜಿ ಕಾಗದದಲ್ಲಿ ಹೋಗಲಿ, ಮೊಬೈಲಿನಿಂದ ಹೋಗಲಿ, ಆ ಹೊಣೆ ಬದಲಾಗುವುದಿಲ್ಲ.

ಕರ್ನಾಟಕದಲ್ಲಿ ಈ ಹಕ್ಕಿನ ಹೆಸರು ‘ಸಕಾಲ’. ಮಧ್ಯಪ್ರದೇಶ 2010ರಲ್ಲಿ ದೇಶದ ಮೊದಲ ಸೇವಾ ಖಾತ್ರಿ ಕಾನೂನು ತಂದಿತು. ಕರ್ನಾಟಕದ ಕಾಯ್ದೆ 2011ರದು. 2012ರ ಮಾರ್ಚ್‌ನಲ್ಲಿ ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು ತಾಲ್ಲೂಕುಗಳಲ್ಲಿ ಪ್ರಯೋಗ ನಡೆದು, ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಗೆ ಬಂತು. ಇಂದು ಆ ಪಟ್ಟಿಯಲ್ಲಿ ಸಾವಿರಕ್ಕೂ ಹೆಚ್ಚು ಸೇವೆಗಳಿವೆ.

ಅರ್ಜಿ ಸ್ವೀಕರಿಸಿದಾಗ ನಿಮಗೆ ಜಿಎಸ್‌ಸಿ ಸಂಖ್ಯೆ ಎಂಬ 15 ಅಂಕಿಗಳ ಸಂಖ್ಯೆ ಸಿಗಬೇಕು. ಇದನ್ನು ಹಗುರವಾಗಿ ಕಾಣಬೇಡಿ. ಯಾವ ದಿನ ಅರ್ಜಿ ಬಂತು, ಯಾವ ದಿನದೊಳಗೆ ಕೆಲಸ ಮುಗಿಯಬೇಕು ಎಂಬ ಲೆಕ್ಕ ಆ ಸಂಖ್ಯೆಯಿಂದಲೇ ಶುರು. ಆನ್‌ಲೈನ್ ಅರ್ಜಿಗಳಲ್ಲಿ ಕರಡನ್ನು ಉಳಿಸಿದಾಗ ಬರುವ ಸಂಖ್ಯೆಯೇ ಬೇರೆ, ಶುಲ್ಕ ಕಟ್ಟಿ ಸಲ್ಲಿಸಿದ ಮೇಲೆ ಬರುವ ಸಂಖ್ಯೆಯೇ ಬೇರೆ. ಕರಡು ಸಂಖ್ಯೆ ಹಿಡಿದು ತಿಂಗಳುಗಟ್ಟಲೆ ಕಾಯುವವರ ಅರ್ಜಿ ಕಚೇರಿಗೆ ಹೋಗಿಯೇ ಇರುವುದಿಲ್ಲ. ಸಲ್ಲಿಕೆಯಾದ ಕೂಡಲೇ ಸ್ವೀಕೃತಿಯ ಪಿಡಿಎಫ್ ಇಳಿಸಿಕೊಳ್ಳಿ, ಶುಲ್ಕದ ರಸೀದಿ ಜೊತೆಗಿರಲಿ, ಮೊಬೈಲಿಗೆ ಬಂದ ಸಂದೇಶವನ್ನು ಅಳಿಸಬೇಡಿ. ಸೈಬರ್ ಅಂಗಡಿಯವರಿಂದ ಅರ್ಜಿ ಹಾಕಿಸುವವರು ತಮ್ಮದೇ ಮೊಬೈಲ್ ಸಂಖ್ಯೆ ಕೊಡಬೇಕು. ಅಂಗಡಿಯವರ ಸಂಖ್ಯೆ ಕೊಟ್ಟರೆ ‘ಈ ದಾಖಲೆ ಕೊಡಿ’ ಎಂಬ ಸಂದೇಶ ಅವರಿಗೆ ಹೋಗುತ್ತದೆ, ನಿಮ್ಮ ಅರ್ಜಿ ತಿರಸ್ಕೃತವಾಗುತ್ತದೆ.

ಗೊತ್ತುಪಡಿಸಿದ ಅವಧಿಯಲ್ಲಿ ಸೇವೆ ಸಿಗದಿದ್ದರೆ, ಅಥವಾ ಅರ್ಜಿ ತಿರಸ್ಕೃತವಾದರೆ, 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಅಲ್ಲೂ ನ್ಯಾಯ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರವಿದೆ. ವಿಳಂಬವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ಕೊಡಬೇಕು, ಅದನ್ನು ತಪ್ಪಿತಸ್ಥ ನೌಕರನಿಂದ ವಸೂಲು ಮಾಡಬಹುದು. ಐದುನೂರು ರೂಪಾಯಿಯಿಂದ ಯಾರ ಬದುಕೂ ಬದಲಾಗುವುದಿಲ್ಲ, ಮೊತ್ತವನ್ನು ಏರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ಅದನ್ನು ಕೇಳಿ ಪಡೆಯಬೇಕು. ಹಣ ಚಿಕ್ಕದಾದರೂ, ವಿಳಂಬ ಯಾರಿಂದ ಆಯಿತು ಎಂಬುದು ದಾಖಲೆಗೆ ಬರುತ್ತದೆ. ಮೇಲ್ಮನವಿ ಬಾರದ ಕಚೇರಿ ಮೇಲಧಿಕಾರಿಗಳ ವರದಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಇನ್ನೊಂದು ಚಾಳಿಯ ಬಗ್ಗೆ ಎಚ್ಚರವಿರಲಿ. ಅವಧಿ ಮುಗಿಯುವ ಹಿಂದಿನ ದಿನ ‘ದಾಖಲೆ ಅಪೂರ್ಣ’ ಎಂದಷ್ಟೇ ಬರೆದು ಅರ್ಜಿಯನ್ನು ತಿರಸ್ಕರಿಸುವುದುಂಟು. ಕಾಗದದ ಮೇಲೆ ಕಾಲಮಿತಿ ಪಾಲನೆಯಾಯಿತು, ಅರ್ಜಿದಾರ ಮತ್ತೆ ಮೊದಲಿನಿಂದ ಶುರುಮಾಡಬೇಕು. ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಿ ಅರ್ಜಿದಾರನಿಗೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಯಾವ ದಾಖಲೆ ಇಲ್ಲ ಎಂದು ಹೇಳದ ತಿರಸ್ಕಾರದ ಮೇಲೆ ಹೊಸ ಅರ್ಜಿ ಹಾಕುವ ಬದಲು ಮೇಲ್ಮನವಿ ಹಾಕಿ.

ಕಚೇರಿಯ ಒಳಗಿನ ವ್ಯವಸ್ಥೆ ಸುಧಾರಿಸದೆ ಹೊರಗೆ ಜಾಲತಾಣ ತೆರೆದರೆ ಏನೂ ಆಗುವುದಿಲ್ಲ ಎಂಬುದಕ್ಕೆ ನಮ್ಮದೇ ‘ಭೂಮಿ’ ಯೋಜನೆ ಒಳ್ಳೆಯ ಸಾಕ್ಷಿ. ಅದಕ್ಕೂ ಮೊದಲು ಪಹಣಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಜನರಿಗೆ ಕಂಡದ್ದು ಇಷ್ಟು. ಕೌಂಟರಿನ ಹಿಂದೆ ಆದ ಬದಲಾವಣೆ ಇದಕ್ಕಿಂತ ದೊಡ್ಡದು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಹಾಕಿತು, ಬೇಕಾದವರ ಕಡತವನ್ನು ಮುಂದಕ್ಕೆ ಎಳೆಯುವಂತಿರಲಿಲ್ಲ. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಗಣಕಕ್ಕೆ ಪ್ರವೇಶಿಸಬೇಕಿತ್ತು, ಹಾಗಾಗಿ ತಿದ್ದುಪಡಿ ಮಾಡಿದ್ದು ತಾನಲ್ಲ ಎಂದು ಆಮೇಲೆ ಯಾರೂ ಹೇಳುವಂತಿರಲಿಲ್ಲ. ಕೈಬರಹದ ಪಹಣಿಗೆ ಮಾನ್ಯತೆಯನ್ನೇ ತೆಗೆದುಹಾಕಿದರು. ಈಗಿನ ಎಷ್ಟೋ ಜಾಲತಾಣಗಳಲ್ಲಿ ಇಲ್ಲದಿರುವುದು ಈ ಒಳಗಿನ ಬಿಗಿಯೇ.

ಗುಜರಾತಿನ ಕಡೆ ಬರೋಣ. ಅಲ್ಲಿಯೂ 2013ರ ನಾಗರಿಕ ಸೇವೆಗಳ ಹಕ್ಕಿನ ಕಾಯ್ದೆ ಇದೆ. ಸೇವೆ ಕೊಡಬೇಕಾದ ಗೊತ್ತುಪಡಿಸಿದ ಅಧಿಕಾರಿ, ಅವರ ಮೇಲೆ ಕುಂದುಕೊರತೆ ನಿವಾರಣಾ ಅಧಿಕಾರಿ, ಆಮೇಲೆ ಮೇಲ್ಮನವಿ ಪ್ರಾಧಿಕಾರ ಎಂಬ ಮೆಟ್ಟಿಲುಗಳಿವೆ. ಮಾಮಲತದಾರ ಕಚೇರಿಯ ಜನಸೇವಾ ಕೇಂದ್ರಕ್ಕೆ ಹೋದರೆ ಆ ಸೇವೆಗೆ ಎಷ್ಟು ದಿನ, ಹೊಣೆ ಯಾರದು ಎಂದು ಮೊದಲೇ ಕೇಳಿ ಬರೆದುಕೊಳ್ಳಿ. ಧಾರವಾಡ, ಬೆಳಗಾವಿ ಕಡೆಯವರಿಗೆ ಮಾಮಲತದಾರ, ತಲಾಟಿ (ಗ್ರಾಮಲೆಕ್ಕಿಗ), ಉತಾರ (ಪಹಣಿ) ಎಂಬ ಮಾತುಗಳು ಹೊಸವಲ್ಲ. 1956ರವರೆಗೆ ಆ ಜಿಲ್ಲೆಗಳೂ ಅಹಮದಾಬಾದೂ ಒಂದೇ ಮುಂಬಯಿ ಆಡಳಿತದಲ್ಲಿದ್ದವು.

ಕೆಳಗಿನ ಕಚೇರಿಗಳಲ್ಲಿ ದೂರು ಕೊಟ್ಟೂ ಕೆಲಸವಾಗದಿದ್ದರೆ ‘ಸ್ವಾಗತ್’ ಇದೆ. 2003ರ ಏಪ್ರಿಲ್ 24ರಂದು ಶುರುವಾದ ಈ ವ್ಯವಸ್ಥೆಯಲ್ಲಿ ಪ್ರತಿ ತಿಂಗಳ ನಾಲ್ಕನೇ ಗುರುವಾರ ಮುಖ್ಯಮಂತ್ರಿ ಮಟ್ಟದಲ್ಲಿ ಅಹವಾಲು ಆಲಿಸುತ್ತಾರೆ, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲೂ ನಡೆಯುತ್ತದೆ. 2010ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಸಾರ್ವಜನಿಕ ಸೇವಾ ಪ್ರಶಸ್ತಿ ಬಂತು. ಬಾಯಿಮಾತಿನ ಅಹವಾಲಿಗಿಂತ ಹಿಂದಿನ ಅರ್ಜಿಯ ಸಂಖ್ಯೆ, ತಾರೀಖು, ಸ್ವೀಕೃತಿ ಇರುವ ಅಹವಾಲಿಗೆ ಅಲ್ಲಿ ಬೆಲೆ ಹೆಚ್ಚು. ಕರ್ನಾಟಕದ ಇಲಾಖೆಗಳ ಮೇಲಿನ ದೂರಿಗೆ ಇದೇ ಬಗೆಯ ‘ಜನಸ್ಪಂದನ’ ಇದೆ, ಸಹಾಯವಾಣಿ 1902.

ಪಾಸ್‌ಪೋರ್ಟ್, ಭವಿಷ್ಯನಿಧಿ, ಅಂಚೆಯಂಥ ಕೇಂದ್ರದ ಕಚೇರಿಗಳಲ್ಲಿ ಮಾತ್ರ ನಾಗರಿಕನ ಕೈ ಬಲವಾಗಿಲ್ಲ. ಕಾಲಮಿತಿಯ ಸೇವೆಗಾಗಿ 2011ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆ 2014ರಲ್ಲಿ ಸದನದ ಅವಧಿಯೊಂದಿಗೆ ಬಿದ್ದುಹೋಯಿತು, ಮತ್ತೆ ಏಳಲಿಲ್ಲ. ರಾಜ್ಯಗಳು ಕೊಟ್ಟ ಹಕ್ಕನ್ನು ಕೇಂದ್ರ ಕೊಡದಿರುವುದು ದೊಡ್ಡ ಕೊರತೆ. ಸದ್ಯಕ್ಕಿರುವುದು ಸಿಪಿಗ್ರಾಮ್ಸ್ ಎಂಬ ದೂರು ಜಾಲತಾಣ. 2024ರ ಆಗಸ್ಟ್‌ನ ಮಾರ್ಗಸೂಚಿಯಂತೆ ಅಲ್ಲಿ ಸಾಮಾನ್ಯವಾಗಿ 21 ದಿನಗಳೊಳಗೆ ಉತ್ತರ ಕೊಡಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ ಅಲ್ಲೇ ಮೇಲ್ಮನವಿಯ ಅವಕಾಶವಿದೆ.

ಮೂರೂ ಕಡೆ ಕೆಲಸ ಮಾಡುವ ಸಾಧನವೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಅಹಮದಾಬಾದಿನಲ್ಲಿ ಕುಳಿತು ಹಾವೇರಿಯ ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಗುಜರಾತಿನ ಕಚೇರಿಗೆ ಗುಜರಾತಿ, ಹಿಂದಿ ಅಥವಾ ಇಂಗ್ಲಿಷ್ ಆಗುತ್ತದೆ. ಶುಲ್ಕ ಕರ್ನಾಟಕದಲ್ಲಿ 10 ರೂಪಾಯಿ, ಗುಜರಾತಿನಲ್ಲಿ 20. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಹೀಗೆ ಬರೆದರೆ ಸಾಕು:

“ನಾನು ಇಂಥ ತಾರೀಖಿನಂದು ಇಂಥ ಸಂಖ್ಯೆಯಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಈವರೆಗೆ ಕೈಗೊಂಡ ಕ್ರಮವನ್ನು ದಿನವಾರು ತಿಳಿಸಿ. ಅರ್ಜಿ ಯಾವ ಯಾವ ಅಧಿಕಾರಿಯ ಬಳಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇತ್ತು, ಅವರ ಹೆಸರು ಮತ್ತು ಹುದ್ದೆ ತಿಳಿಸಿ. ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ. ಈ ಸೇವೆಗೆ ನಿಗದಿಯಾದ ಕಾಲಮಿತಿಯ ಆದೇಶದ ಪ್ರತಿ ಕೊಡಿ.”

‘ಏಕೆ ತಡ ಮಾಡಿದಿರಿ’ ಎಂದು ಕೇಳಬೇಡಿ. ಕಾಯ್ದೆ ಕೊಡುವುದು ಕಚೇರಿಯಲ್ಲಿರುವ ದಾಖಲೆಯನ್ನು, ಟಿಪ್ಪಣಿ ಹಾಳೆ ಕೈಗೆ ಬಂದರೆ ಏಕೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಉತ್ತರಕ್ಕೆ 30 ದಿನ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ಕಳಿಸಬೇಕು. ಅವಧಿ ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ಅಧಿಕಾರಿಗೆ ದಂಡ ಹಾಕಬಹುದು.

ತವರಿನ ಹೆರಿಗೆಯ ವಿಷಯ ಎತ್ತಿದ್ದೆನಲ್ಲ, ಅದರಲ್ಲಿ ಅನೇಕರು ಎಡವುತ್ತಾರೆ. ಜನನ ನೋಂದಣಿಯಾಗುವುದು ಮಗು ಹುಟ್ಟಿದ ಸ್ಥಳದಲ್ಲಿ, ತಂದೆ ತಾಯಿ ವಾಸಿಸುವ ಊರಲ್ಲಲ್ಲ. ಆಸ್ಪತ್ರೆಯ ಹೆರಿಗೆಯನ್ನು ಆಸ್ಪತ್ರೆಯವರೇ 21 ದಿನಗಳೊಳಗೆ ವರದಿ ಮಾಡಬೇಕು. ಆಗ ಹೆಸರಿಡದಿದ್ದರೆ ಪರವಾಗಿಲ್ಲ, 12 ತಿಂಗಳೊಳಗೆ ಶುಲ್ಕವಿಲ್ಲದೆ, 15 ವರ್ಷದವರೆಗೆ ಶುಲ್ಕ ಕೊಟ್ಟು ಹೆಸರು ಸೇರಿಸಬಹುದು. ಆಸ್ಪತ್ರೆ ಬಿಡುವ ಮುನ್ನ ತಂದೆ ತಾಯಿಯ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂದು ನೋಡಿ. ಅಹಮದಾಬಾದಿಗೆ ಮರಳಿದ ಮೇಲೆ ತಿದ್ದುಪಡಿಗೆ ಅಲೆಯುವುದು ಕಷ್ಟ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನಾಂಕದ ಪುರಾವೆಯಾಗಿ ಈ ಪ್ರಮಾಣಪತ್ರವೇ ಬೇಕು.

ದಾಖಲೆಗಳನ್ನು ಮೊಬೈಲಿನಲ್ಲೇ ಇಟ್ಟುಕೊಳ್ಳುವ ಸರ್ಕಾರದ ಡಿಜಿಲಾಕರ್‌ನಲ್ಲಿ ಇಲಾಖೆಯೇ ನೀಡಿದ ದಾಖಲೆ ಮೂಲ ಪ್ರತಿಗೆ ಸಮ ಎಂದು 2017ರಲ್ಲಿ ನಿಯಮಕ್ಕೆ ಸೇರಿಸಲಾಗಿದೆ. ನೀವೇ ಸ್ಕ್ಯಾನ್ ಮಾಡಿ ಹಾಕಿಕೊಂಡದ್ದಕ್ಕೆ ಆ ಮಾನ್ಯತೆಯಿಲ್ಲ. ಇನ್ನು ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರಿ ಕರ್ನಾಟಕದಿಂದ ಹೋದವರು ಗುಜರಾತ್ ರಾಜ್ಯದ ಮೀಸಲಾತಿಯನ್ನು ಮೂಲ ರಾಜ್ಯದ ಆಧಾರದ ಮೇಲೆ ಕೇಳಲಾಗದು ಎಂಬುದು ಸುಪ್ರೀಂ ಕೋರ್ಟು 1990ರಿಂದ ಹೇಳುತ್ತ ಬಂದ ಮಾತು. ಅದನ್ನು ಕೊಡಿಸುತ್ತೇವೆ ಎಂಬ ಮಧ್ಯವರ್ತಿಗಳ ಭರವಸೆಗೆ ಹಣ ಕಳೆದುಕೊಳ್ಳಬೇಡಿ.

ಕಣ್ಣು ಕಾಣದವರಿಗೆ, ಮುಖ ಗುರುತಿಸುವ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾಗದವರಿಗೆ ಆನ್‌ಲೈನ್ ಸೇವೆಯೇ ಗೋಡೆಯಾಗಿತ್ತು. ಆಸಿಡ್ ದಾಳಿಗೆ ಒಳಗಾದವರ ಅರ್ಜಿಯ ಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆಯನ್ನು ತಲುಪುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತು ಇಪ್ಪತ್ತು ನಿರ್ದೇಶನಗಳನ್ನು ಕೊಟ್ಟಿತು. ನಿಮ್ಮ ಮನೆಯ ಹಿರಿಯರನ್ನೋ ಅಂಗವಿಕಲರನ್ನೋ ‘ಆನ್‌ಲೈನ್ ಬಿಟ್ಟು ಬೇರೆ ದಾರಿಯಿಲ್ಲ’ ಎಂದು ವಾಪಸ್ ಕಳಿಸಿದರೆ, ಈ ತೀರ್ಪನ್ನು ಉಲ್ಲೇಖಿಸಿ ಲಿಖಿತ ಉತ್ತರ ಕೇಳಿ.

ಕಾಲಮಿತಿ ಮೀರಿದ ಅರ್ಜಿಯೊಂದು ನಿಮ್ಮ ಬಳಿ ಇದ್ದರೆ ಇಂದೇ ಅದರ ತಾರೀಖು ನೋಡಿ. ಸಕಾಲದ ಮೇಲ್ಮನವಿಗೆ ಇರುವುದು 30 ದಿನ ಮಾತ್ರ, ಅದಕ್ಕೆ ವಕೀಲರ ಅಗತ್ಯವಿಲ್ಲ.